ಓದುಗರ ಪ್ರಶ್ನೆಗಳಿಗೆ ಉತ್ತರ: 4,29,49,67,297ರ ಒಡಲಲ್ಲಿ ಏನಿದೆ?

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಚದುರಂಗದ ಮಣೆಯ ಹಳೆಯ ಲೆಕ್ಕವನ್ನು ನೆನಪಿಸಿಕೊಂಡಿದ್ದೆವು. ಮೊದಲ ಮನೆಗೆ ಒಂದು ಜೋಳದ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋದರೆ 33ನೇ ಮನೆಗೆ 2ರ 32ನೇ ಘಾತ, ಅಂದರೆ 4,29,49,67,296 ಕಾಳು ಬೇಕಾಗುತ್ತದೆ. ಸಾವಿರ ಕಾಳಿಗೆ 30 ಗ್ರಾಂ ತೂಕವೆಂದು ಹಿಡಿದರೆ ಆ ಒಂದೇ ಮನೆಯ ಜೋಳ 1,288 ಕ್ವಿಂಟಲ್ ಆಗುತ್ತದೆ. ಆ ರಾಶಿಗೆ ಇನ್ನೊಂದೇ ಒಂದು ಕಾಳು ಸೇರಿಸಿ, ಬಂದ 4,29,49,67,297 ಕಾಳುಗಳನ್ನು ಒಂದೂ ಉಳಿಯದಂತೆ ಸಮಪಾಲು ಮಾಡಲು ಸಾಧ್ಯವೇ ಎಂದು ಕೇಳಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೈಲೆಕ್ಕ ಮಾಡಿ ಬರೆದ ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಸಂಚಿಕೆಯನ್ನು ಆ ಒಂದು ಸಂಖ್ಯೆಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ನಾನು ಅಡತಿ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಕೀರ್ದಿ, ಖಾತೆ ಬರೆದವನು. ತಾವು ಕೊಟ್ಟ ಸಂಖ್ಯೆಯನ್ನು ಕ್ಯಾಲ್ಕುಲೇಟರ್ ಮುಟ್ಟದೆ, 2ರಿಂದ 599ರ ವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ, ಒಟ್ಟು 109 ಸಲ ಭಾಗಿಸಿ ನೋಡಿದೆ. ಒಂದರಲ್ಲಿಯೂ ಶೇಷ ಸೊನ್ನೆ ಬರಲಿಲ್ಲ. ಇಷ್ಟಾದ ಮೇಲೆ ಇದನ್ನು ಅವಿಭಾಜ್ಯವೆಂದು ಹೇಳಬಹುದೇ? ಹೇಳಬಾರದಿದ್ದರೆ ಎಲ್ಲಿಯವರೆಗೆ ಭಾಗಿಸಬೇಕು?
(ಹಿರಿಯ ಓದುಗರು, ಬಾಗಲಕೋಟೆ)

ಉತ್ತರ: ತಾವು ಪತ್ರದ ಜೊತೆಗೆ ಕಳುಹಿಸಿದ ಖಾತೆ ಪುಸ್ತಕದ ಹಾಳೆಗಳನ್ನು ಎರಡು ಸಂಜೆ ಕುಳಿತು ಒಂದೊಂದಾಗಿ ನೋಡಿದೆ. ಪ್ರತಿಯೊಂದು ಭಾಗಾಕಾರದ ಕೆಳಗೆ ಒಂಬತ್ತು ಕಳೆದು ತಾಳೆ ನೋಡಿದ್ದೀರಿ. ಈಗಿನ ಮಕ್ಕಳಿಗೆ ಆ ಪದ್ಧತಿ ಗೊತ್ತಿಲ್ಲದಿರುವುದರಿಂದ ತಮ್ಮ ಒಂದು ಹಾಳೆಯನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. 577ರಿಂದ ಭಾಗಿಸಿದಾಗ ಭಾಗಲಬ್ಧ 74,43,617, ಶೇಷ 288 ಎಂದು ಬರೆದಿದ್ದೀರಿ. 577ರ ಅಂಕಿಗಳನ್ನು ಕೂಡಿಸುತ್ತ ಹೋದರೆ 19, 10, ಕೊನೆಗೆ 1. ಭಾಗಲಬ್ಧದ ಅಂಕಿಗಳ ಮೊತ್ತ 32, ಅದರಿಂದ 5. ಇವೆರಡರ ಗುಣಲಬ್ಧ 5. ಶೇಷ 288ರ ಅಂಕಿಗಳ ಮೊತ್ತ 18, ಒಂಬತ್ತು ಕಳೆದರೆ ಸೊನ್ನೆ. ಆದ್ದರಿಂದ ಮೂಲ ಸಂಖ್ಯೆಯಲ್ಲಿ 5 ಉಳಿಯಬೇಕು. ಅದರ ಹತ್ತೂ ಅಂಕಿಗಳ ಮೊತ್ತ 59, ಅದರಿಂದ 14, ಅದರಿಂದ 5. ತಾಳೆಯಾಯಿತು. ತಮ್ಮ 109 ಭಾಗಾಕಾರಗಳಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ.

ಆದರೂ ಅದನ್ನು ಅವಿಭಾಜ್ಯವೆಂದು ಹೇಳಲಾಗದು. ಒಂದು ಸಂಖ್ಯೆಗೆ ಅಪವರ್ತನಗಳಿದ್ದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲಕ್ಕಿಂತ ಹೆಚ್ಚಿರುವುದಿಲ್ಲ; ಆದ್ದರಿಂದ ವರ್ಗಮೂಲದ ತನಕ ಹೋಗಿ ನಿಲ್ಲಬಹುದು, ಅದಕ್ಕಿಂತ ಮೊದಲು ನಿಲ್ಲುವಂತಿಲ್ಲ. ನಮ್ಮ ಸಂಖ್ಯೆಯು 65,536ರ ವರ್ಗಕ್ಕಿಂತ ಒಂದೇ ಒಂದು ಹೆಚ್ಚಿನದು. 65,536ರ ಒಳಗೆ 6,542 ಅವಿಭಾಜ್ಯ ಸಂಖ್ಯೆಗಳಿವೆ. ಹಾಗೆ ನೋಡಿದರೆ ತಮ್ಮ ಮುಂದೆ ಇನ್ನೂ 6,433 ಭಾಗಾಕಾರಗಳು ಉಳಿದಿದ್ದವು.

ಇಲ್ಲಿ ನನಗೆ ಹೇಳಲು ಸಂಕಟವಾಗುವ ಮಾತೊಂದಿದೆ. ತಾವು 599ರಲ್ಲಿ ನಿಲ್ಲಿಸಿದಿರಿ. ಅದರ ಮುಂದಿನವು 601, 607, 613, 617, 619, 631. ಇವು ಆರೂ ಭಾಗಿಸುವುದಿಲ್ಲ. ಏಳನೆಯದು 641. ಅದು ನಿಶ್ಶೇಷವಾಗಿ ಭಾಗಿಸುತ್ತದೆ, ಭಾಗಲಬ್ಧ 67,00,417. ತಾವೇ ತಾಳೆ ನೋಡಬಹುದು: 67,00,417ನ್ನು 600ರಿಂದ ಗುಣಿಸಿದರೆ 4,02,02,50,200, 40ರಿಂದ ಗುಣಿಸಿದರೆ 26,80,16,680, ಒಂದರಿಂದ 67,00,417. ಮೂರನ್ನೂ ಕೂಡಿಸಿದರೆ 4,29,49,67,297. ಏಳೇ ಏಳು ಹೆಜ್ಜೆ ಮುಂದೆ ಉತ್ತರ ಕಾದಿತ್ತು. ಆದರೆ ಅದು ಅಲ್ಲಿದೆ ಎಂದು ಮೊದಲೇ ತಿಳಿಯುವ ಬಗೆ ಬರಿಯ ಭಾಗಾಕಾರದಲ್ಲಿಲ್ಲ. ಅದಕ್ಕೆ ಈ ಸಂಖ್ಯೆ ಹೇಗೆ ಕಟ್ಟಿದ್ದು ಎಂಬುದನ್ನು ನೋಡಬೇಕು. ಮುಂದಿನ ಪ್ರಶ್ನೆ ಅದನ್ನೇ ಕೇಳುತ್ತದೆ.

ಪ್ರಶ್ನೆ: ಸರ್, ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಈ ಸಂಖ್ಯೆಯ ಅಪವರ್ತನವನ್ನು ಆಯ್ಲರ್ ಎಂಬ ಗಣಿತಜ್ಞರು ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಕಂಡುಹಿಡಿದರೆಂದು ನಮ್ಮ ಉಪನ್ಯಾಸಕರು ಹೇಳಿದರು. 641 ಎಂಬುದು 116ನೇ ಅವಿಭಾಜ್ಯ ಸಂಖ್ಯೆ. ಅವರು 116 ಸಲ ಭಾಗಿಸಿ ನೋಡಿದರೇ?
(ಓದುಗರು, ಅಥಣಿ)

ಉತ್ತರ: ಇಲ್ಲ. ಅವರ ದಾರಿಯಲ್ಲಿ ಐದು ಭಾಗಾಕಾರಗಳು ಸಾಕು.

ಮೊದಲು ಹಿನ್ನೆಲೆಯನ್ನು ತಿಳಿದುಕೊಳ್ಳೋಣ. ಫ್ರಾನ್ಸಿನ ತುಲೂಸಿನಲ್ಲಿ ನ್ಯಾಯಾಧಿಕಾರಿಯಾಗಿದ್ದ ಪಿಯರ್ ದ ಫರ್ಮಾ ಅವರು 1640ರ ಸುಮಾರಿಗೆ 3, 5, 17, 257, 65,537 ಎಂಬ ಸಾಲನ್ನು ಗಮನಿಸಿದ್ದರು. ಇವು ಅನುಕ್ರಮವಾಗಿ 2ರ 1ನೇ, 2ನೇ, 4ನೇ, 8ನೇ, 16ನೇ ಘಾತಗಳಿಗೆ ಒಂದನ್ನು ಕೂಡಿಸಿದಾಗ ಬರುವ ಸಂಖ್ಯೆಗಳು, ಮತ್ತು ಐದೂ ಅವಿಭಾಜ್ಯಗಳು. ಸಾಲಿನ ಆರನೆಯದೇ ನಮ್ಮ ಸಂಖ್ಯೆ, 2ರ 32ನೇ ಘಾತಕ್ಕೆ ಒಂದು ಕೂಡಿಸಿದ್ದು. ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೆಂದು ಫರ್ಮಾ ನಂಬಿದ್ದರು, ಸಾಧಿಸಲು ತಮ್ಮಿಂದಾಗಿಲ್ಲವೆಂದು ಒಪ್ಪಿಕೊಂಡೂ ಇದ್ದರು. 1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಕ್ ಎಂಬವರು ಆಯ್ಲರ್ ಅವರಿಗೆ ಬರೆದ ಪತ್ರದ ಕೊನೆಯಲ್ಲಿ ಈ ವಿಷಯವನ್ನು ಕೇಳಿದರು. (ರಾಮಾನುಜನ್ ಅವರ ಹೆಸರಿನೊಡನೆ ನಾವೆಲ್ಲ ನೆನೆಯುವ ಸಂಖ್ಯೆಯೇ ಈ ಪತ್ರದ ಇಸವಿಯಾಗಿರುವುದು ಕಾಕತಾಳೀಯ, ಆದರೂ ಆ ಇಸವಿಯನ್ನು ಮರೆಯದಿರಲು ಒಳ್ಳೆಯ ನೆಪ.) 1732ರಲ್ಲಿ, ಪೀಟರ್ಸ್‌ಬರ್ಗಿನಲ್ಲಿದ್ದ 25 ವರ್ಷದ ಆಯ್ಲರ್ ಅವರು 641 ಇದನ್ನು ಭಾಗಿಸುತ್ತದೆಂದು ತೋರಿಸಿದರು, ಹುಡುಕುವ ದಾರಿಯ ಪೂರ್ಣ ಸಾಧನೆಯನ್ನು ಮುಂದೆ ಪ್ರಕಟಿಸಿದರು.

ಆ ದಾರಿ ಹೀಗಿದೆ. ಮೊದಲು ಸಾಲಿನ ಚಿಕ್ಕ ಸಂಖ್ಯೆಯಾದ 17ನ್ನು ತೆಗೆದುಕೊಳ್ಳಿ. ಒಂದರಿಂದ ಹೊರಟು ಇಮ್ಮಡಿಸುತ್ತ, ಪ್ರತಿ ಸಲವೂ 17ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡರೆ 1, 2, 4, 8, 16, 15, 13, 9 ಬಂದು, ಎಂಟನೇ ಹೆಜ್ಜೆಗೆ ಮತ್ತೆ 1 ಬರುತ್ತದೆ. ಗಾಣದ ಎತ್ತು ಸುತ್ತಿ ಮತ್ತೆ ಹೊರಟಲ್ಲಿಗೇ ಬಂದಂತೆ. ನಾಲ್ಕನೇ ಹೆಜ್ಜೆಯಲ್ಲಿ ಬಂದ 16 ಎಂದರೆ 17ಕ್ಕೆ ಒಂದು ಕಡಿಮೆ, ಅದನ್ನು −1 ಎಂದು ಬರೆಯಬಹುದು. −1ನ್ನು −1ರಿಂದ ಗುಣಿಸಿದರೆ 1 ಆಗುವುದರಿಂದಲೇ ಎಂಟನೇ ಹೆಜ್ಜೆಗೆ ಸುತ್ತು ಮುಗಿಯಿತು.

ಈಗ ನಮ್ಮ ದೊಡ್ಡ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯವೊಂದು ಇದೆಯೆಂದು ಇಟ್ಟುಕೊಳ್ಳಿ. ಅದರಿಂದ ಭಾಗಿಸಿದಾಗ 2ರ 32ನೇ ಘಾತದ ಶೇಷ −1 ಆಗಿರಲೇಬೇಕು, ಏಕೆಂದರೆ ಅದಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ. ಹಾಗಾದರೆ 64ನೇ ಹೆಜ್ಜೆಗೆ ಶೇಷ 1. ಸುತ್ತಿನ ಉದ್ದವು 64ನ್ನು ಭಾಗಿಸಬೇಕು, ಆದರೆ 32ನ್ನು ಭಾಗಿಸಬಾರದು. ಅಂಥದ್ದು 64 ಒಂದೇ. ಇನ್ನೊಂದು ಕಡೆ, ಫರ್ಮಾ ಅವರದೇ ಇನ್ನೊಂದು ಪ್ರಮೇಯವು ಯಾವ ಬೆಸ ಅವಿಭಾಜ್ಯವನ್ನು ತೆಗೆದುಕೊಂಡರೂ, ಅದಕ್ಕಿಂತ ಒಂದು ಕಡಿಮೆ ಹೆಜ್ಜೆಗಳಲ್ಲಿ 2ರ ಘಾತ ಮತ್ತೆ 1ಕ್ಕೆ ಬಂದಿರುತ್ತದೆ ಎಂದು ಹೇಳುತ್ತದೆ. ಆದ್ದರಿಂದ ನಾವು ಹುಡುಕುವ ಅವಿಭಾಜ್ಯದಿಂದ ಒಂದು ಕಳೆದರೆ ಉಳಿಯುವುದು 64ರ ಗುಣಕವೇ ಆಗಿರಬೇಕು.

64ರ ಮಗ್ಗಿಗೆ ಒಂದೊಂದು ಕೂಡಿಸುತ್ತ ಬನ್ನಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ಐದನೆಯದೇ ಉತ್ತರ. ಬಾಗಲಕೋಟೆಯ ಹಿರಿಯರು ಮಾಡಿದ 109 ಭಾಗಾಕಾರಗಳಲ್ಲಿ ನಿಜವಾಗಿ ಬೇಕಾಗಿದ್ದವು ನಾಲ್ಕು. ಅವರ 577ರ ಹಾಳೆಯನ್ನೇ ನಾನು ಮೇಲೆ ಆರಿಸಿಕೊಂಡದ್ದು ಈ ಕಾರಣದಿಂದ. 1878ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞರು ಇದನ್ನು ಇನ್ನೂ ಬಿಗಿಗೊಳಿಸಿ, 64ರ ಬದಲು 128ರ ಗುಣಕವೇ ಬೇಕೆಂದು ತೋರಿಸಿದರು. ಆಗ 641ರ ವರೆಗೆ ಉಳಿಯುವವು 257 ಮತ್ತು 641, ಎರಡೇ.

ಇದನ್ನು ಓದುವಾಗಲೆಲ್ಲ ನನಗೆ ಮನಸ್ಸಿಗೆ ತಾಗುವ ವಿಷಯವೆಂದರೆ, ಬೇಕಾದ ಪ್ರಮೇಯ ಫರ್ಮಾ ಅವರ ಕೈಯಲ್ಲೇ ಇತ್ತು, ಅದೂ ಅದೇ 1640ರಲ್ಲಿ. ಅವರು ಆ ಐದು ಭಾಗಾಕಾರಗಳನ್ನು ತಪ್ಪಿಲ್ಲದೆ ಮಾಡಿದ್ದರೆ ತಮ್ಮ ನಂಬಿಕೆ ಸರಿಯಲ್ಲವೆಂದು ಒಂದು ಸಂಜೆಯಲ್ಲಿ ಅವರಿಗೇ ತಿಳಿಯುತ್ತಿತ್ತು.

641 ಭಾಗಿಸುತ್ತದೆ ಎಂದು ಗೊತ್ತಾದ ಮೇಲೆ, ಉದ್ದದ ಭಾಗಾಕಾರವಿಲ್ಲದೆ ಅದನ್ನು ಸಾಧಿಸುವ ಚೆಂದದ ಬಗೆಯೊಂದಿದೆ. ಪರೀಕ್ಷೆಯ ದೃಷ್ಟಿಯಿಂದ ಅಲ್ಲದಿದ್ದರೂ ಇದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. 641 ಎಂದರೆ 640ಕ್ಕೆ 1 ಕೂಡಿಸಿದ್ದು, ಮತ್ತು 640 ಎಂದರೆ 5 ಗುಣಿಸು 2ರ 7ನೇ ಘಾತ. ಆದ್ದರಿಂದ 641ರಿಂದ ಭಾಗಿಸುವಾಗ 5 × 2⁷ ಎಂಬುದರ ಶೇಷ −1. ಅದರ ನಾಲ್ಕನೇ ಘಾತ 5⁴ × 2²⁸, ಶೇಷ 1. ಇನ್ನೊಂದು ಕಡೆಯಿಂದ 641 ಎಂದರೆ 625ಕ್ಕೆ 16 ಕೂಡಿಸಿದ್ದು, ಅಂದರೆ 5⁴ + 2⁴; ಹಾಗಾಗಿ 5⁴ರ ಜಾಗದಲ್ಲಿ −2⁴ ಇಡಬಹುದು. ಇಟ್ಟರೆ −2³²ರ ಶೇಷ 1 ಎಂದಾಯಿತು, ಅಂದರೆ 2³² + 1ರ ಶೇಷ ಸೊನ್ನೆ. ಒಂದೇ ಸಂಖ್ಯೆಯನ್ನು ಎರಡು ಬಗೆಯಲ್ಲಿ ಒಡೆದು ನೋಡಿದ್ದರಿಂದ ಹತ್ತು ಅಂಕಿಗಳ ಭಾಗಾಕಾರ ತಪ್ಪಿತು.

ಪ್ರಶ್ನೆ: 67,00,417ನ್ನು ಇನ್ನೂ ಒಡೆಯಬಹುದೇ?
(ಓದುಗರು, ಚಿಕ್ಕೋಡಿ)

ಉತ್ತರ: ಒಡೆಯಲಾಗದು, ಅದು ಅವಿಭಾಜ್ಯ. ಮೇಲಿನ ನಿಯಮವೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಇದರ ವರ್ಗಮೂಲ 2,588ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ 128ರ ಗುಣಕಕ್ಕೆ ಒಂದು ಕೂಡಿಸಿದಾಗ ಬರುವ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. ಇವುಗಳಿಂದ ಭಾಗಿಸಿದರೆ ಶೇಷಗಳು ಕ್ರಮವಾಗಿ 170, 44, 120, 334, 622. ಸೊನ್ನೆ ಎಲ್ಲಿಯೂ ಇಲ್ಲ. ಆದ್ದರಿಂದ ನಮ್ಮ ಜೋಳದ ರಾಶಿಯನ್ನು 641 ಪಾಲು ಮಾಡಬಹುದು, ಇಲ್ಲವೇ 67,00,417 ಪಾಲು ಮಾಡಬಹುದು. ಇಡೀ ರಾಶಿ ಒಬ್ಬರಿಗೆ ಅಥವಾ ತಲೆಗೊಂದು ಕಾಳು ಎಂಬುದನ್ನು ಬಿಟ್ಟರೆ ಬೇರೆ ಹಂಚಿಕೆ ಇಲ್ಲ.

ಪ್ರಶ್ನೆ: ಮಾನ್ಯರೇ, ನಾನು ಪ್ರೌಢಶಾಲಾ ಶಿಕ್ಷಕಿ. ಈ ಸಂಖ್ಯೆಯು 65,536ರ ವರ್ಗ ಮತ್ತು 1ರ ವರ್ಗಗಳ ಮೊತ್ತವೆಂದು ಮಕ್ಕಳಿಗೆ ಕರಿಹಲಗೆಯ ಮೇಲೆ ತೋರಿಸಿದೆ. ಎರಡು ವರ್ಗಗಳ ಮೊತ್ತವಾಗಿ ಇದನ್ನು ಇನ್ನೊಂದು ರೀತಿಯಲ್ಲಿ ಬರೆಯಲು ಬರುತ್ತದೆಯೇ ಎಂದು ಒಬ್ಬ ಹುಡುಗ ಕೇಳಿದ. ನಮ್ಮ ಹಿಂದಿನ ಗಣಿತದಲ್ಲಿ, ಭಾಸ್ಕರಾಚಾರ್ಯರಲ್ಲಿ, ಇದಕ್ಕೆ ದಾರಿ ಇದೆಯೇ?
(ಓದುಗರು, ಇಂಡಿ)

ಉತ್ತರ: ಆ ಹುಡುಗನಿಗೆ ನನ್ನ ಅಭಿನಂದನೆಯನ್ನು ದಯವಿಟ್ಟು ತಿಳಿಸಿ. ಈ ಸಂಖ್ಯೆಯ ಬಗ್ಗೆ ಕೇಳಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆಯನ್ನು ಅವನು ಕೇಳಿದ್ದಾನೆ.

ಉತ್ತರ ಹೌದು, ಇನ್ನೊಂದು ರೀತಿ ಇದೆ. ಮತ್ತು ಅದು ಒಂದೇ ಇದೆ. 62,264ರ ವರ್ಗ 3,87,68,05,696. 20,449ರ ವರ್ಗ 41,81,61,601. ಕೂಡಿಸಿ ನೋಡಿ, 4,29,49,67,297. (20,449 ಎಂಬುದು ತಾನೇ 143ರ ವರ್ಗ ಎಂಬುದನ್ನೂ ಮಕ್ಕಳಿಗೆ ತೋರಿಸಿ.)

ಇದು ಎಲ್ಲಿಂದ ಬಂತೆಂದರೆ, ಬ್ರಹ್ಮಗುಪ್ತರು 628ರಲ್ಲಿ ಬರೆದ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಕೊಟ್ಟ ಸೂತ್ರದಿಂದ. ಅವರು ಅದನ್ನು ವರ್ಗಪ್ರಕೃತಿ ಎಂಬ ಬಗೆಯ ಸಮೀಕರಣಗಳಿಗಾಗಿ ರಚಿಸಿದ್ದರು. ಚಿಹ್ನೆಯೊಂದನ್ನು ಬದಲಿಸಿದರೆ ಅದೇ ಸೂತ್ರ ವರ್ಗಗಳ ಮೊತ್ತಕ್ಕೂ ಹೊಂದುತ್ತದೆ. ಭಾಸ್ಕರಾಚಾರ್ಯರು ಬೀಜಗಣಿತದಲ್ಲಿ ಇದನ್ನು ಭಾವನಾ ಎಂದು ಕರೆದು, ಕೂಡಿಸುವುದಕ್ಕೆ ಸಮಾಸಭಾವನಾ, ಕಳೆಯುವುದಕ್ಕೆ ಅಂತರಭಾವನಾ ಎಂಬ ಹೆಸರುಗಳನ್ನು ಬಳಸಿದ್ದಾರೆ. ಎರಡು ಸಂಖ್ಯೆಗಳು ತಲಾ ಎರಡು ವರ್ಗಗಳ ಮೊತ್ತವಾಗಿದ್ದರೆ ಅವುಗಳ ಗುಣಲಬ್ಧವೂ ಅಂಥದ್ದೇ, ಮತ್ತು ಅದನ್ನು ಎರಡು ದಾರಿಯಲ್ಲಿ ಪಡೆಯಬಹುದು ಎಂಬುದು ಅದರ ಸಾರ. ನಮ್ಮ ಎರಡು ಅಪವರ್ತನಗಳನ್ನು ತೆಗೆದುಕೊಳ್ಳಿ. 641 ಎಂದರೆ 25ರ ವರ್ಗ ಮತ್ತು 4ರ ವರ್ಗಗಳ ಮೊತ್ತ. 67,00,417 ಎಂದರೆ 2556ರ ವರ್ಗ ಮತ್ತು 409ರ ವರ್ಗಗಳ ಮೊತ್ತ. 25 × 2556 = 63,900; 4 × 409 = 1,636. 25 × 409 = 10,225; 4 × 2556 = 10,224. ಮೊದಲ ಜೋಡಿಯನ್ನು ಕೂಡಿಸಿ ಎರಡನೆಯದನ್ನು ಕಳೆದರೆ 65,536 ಮತ್ತು 1. ಮೊದಲನೆಯದನ್ನು ಕಳೆದು ಎರಡನೆಯದನ್ನು ಕೂಡಿಸಿದರೆ 62,264 ಮತ್ತು 20,449. ಆ ಒಂದೇ ಒಂದು ಹೆಚ್ಚುವರಿ ಕಾಳು 10,225ರಿಂದ 10,224 ಕಳೆದಾಗ ಉಳಿದದ್ದು ಎಂದು ಮೊದಲ ಸಲ ಕಂಡಾಗ ನಾನು ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಇದನ್ನು ತಿರುಗಿಸಿಯೂ ನೋಡಬಹುದು, ಮತ್ತು ತರಗತಿಯಲ್ಲಿ ಮಾಡಿಸಲು ಇದೇ ಹೆಚ್ಚು ಯೋಗ್ಯ. ಅವಿಭಾಜ್ಯ ಸಂಖ್ಯೆಯೊಂದು ಎರಡು ವರ್ಗಗಳ ಮೊತ್ತವಾಗಿದ್ದರೆ ಒಂದೇ ರೀತಿಯಲ್ಲಿ ಆಗಿರುತ್ತದೆ. ಆದ್ದರಿಂದ ಎರಡು ರೀತಿಗಳು ಸಿಕ್ಕವೆಂದರೆ ಸಂಖ್ಯೆ ಸಂಯುಕ್ತವೆಂದು ತಿಳಿದುಹೋಯಿತು. ಅಷ್ಟೇ ಅಲ್ಲ, ಅಪವರ್ತನಗಳನ್ನೂ ಅವುಗಳಿಂದಲೇ ತೆಗೆಯಬಹುದು. ದೊಡ್ಡ ವರ್ಗಗಳ ಮೂಲಗಳನ್ನು ಕಳೆಯಿರಿ: 65,536ರಿಂದ 62,264 ಹೋದರೆ 3,272. ಚಿಕ್ಕವುಗಳನ್ನು ಕಳೆಯಿರಿ: 20,449ರಿಂದ 1 ಹೋದರೆ 20,448. ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನವನ್ನು ಪರಸ್ಪರ ಭಾಗಾಕಾರದಿಂದ ತೆಗೆದರೆ 8. ಈಗ ಅವನ್ನೇ ಕೂಡಿಸಿರಿ: 1,27,800 ಮತ್ತು 20,450, ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ 50. 8ರ ಅರ್ಧ 4, 50ರ ಅರ್ಧ 25. 4ರ ವರ್ಗ 16, 25ರ ವರ್ಗ 625, ಕೂಡಿದರೆ 641. ಹತ್ತನೇ ತರಗತಿಯ ಮಕ್ಕಳಿಗೆ ಮೀರಿದ್ದು ಇದರಲ್ಲಿ ಏನೂ ಇಲ್ಲ.

ಭಾಸ್ಕರಾಚಾರ್ಯರ ಬಗ್ಗೆ ಒಂದು ಮಾತು. 1114ರಲ್ಲಿ ಹುಟ್ಟಿ, 36ನೇ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಅವರನ್ನು ನಮ್ಮ ವಿಜಯಪುರದವರು ತಮ್ಮವರೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅವರು ತಮ್ಮ ಊರನ್ನು ಸಹ್ಯಾದ್ರಿಯ ಕಡೆಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಅದು ಈಗಿನ ಯಾವ ಊರು ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಮಕ್ಕಳಿಗೆ ಇದನ್ನು ಇರುವಂತೆಯೇ ಹೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಭಾವನಾ ಸೂತ್ರವನ್ನು ಕಲಿಸಲು ಊರಿನ ವ್ಯಾಜ್ಯ ತೀರುವವರೆಗೆ ಕಾಯಬೇಕಾಗಿಲ್ಲ.

ಪ್ರಶ್ನೆ: ಒಂದು ಕೂಡಿಸುವ ಬದಲು ಒಂದು ಕಳೆದರೆ ಏನಾಗುತ್ತದೆ? ಕಂಪ್ಯೂಟರ್ ತರಗತಿಯಲ್ಲಿ 4,29,49,67,295 ಎಂಬುದನ್ನು ಕೇಳಿದ ನೆನಪು.
(ಓದುಗರು, ಗೋಕಾಕ)

ಉತ್ತರ: ತಮ್ಮ ನೆನಪು ಸರಿ. 32 ಬಿಟ್‌ಗಳಲ್ಲಿ ಸೊನ್ನೆಯಿಂದ ಎಣಿಸತೊಡಗಿದರೆ ಹಿಡಿಸುವ ಕೊನೆಯ ಸಂಖ್ಯೆ ಅದು. ಹಳೆಯ ಬಗೆಯ ಇಂಟರ್‌ನೆಟ್ ವಿಳಾಸಗಳು 32 ಬಿಟ್‌ಗಳವಾದ್ದರಿಂದ ಒಟ್ಟು 4,29,49,67,296 ಮಾತ್ರ ಇರಲು ಸಾಧ್ಯ.

ಗಣಿತದ ದೃಷ್ಟಿಯಿಂದ ಅದರ ಗುಣ ಇನ್ನೂ ಸೊಗಸಾದದ್ದು. ಅದನ್ನು ಒಡೆದರೆ 3 × 5 × 17 × 257 × 65,537 ಬರುತ್ತದೆ. ಅಂದರೆ ಫರ್ಮಾ ಅವರ ಸಾಲಿನ ಮೊದಲ ಐದೂ ಸಂಖ್ಯೆಗಳ ಗುಣಲಬ್ಧಕ್ಕೆ 2 ಕೂಡಿಸಿದರೆ ಆರನೆಯದು. ಇದರಿಂದಲೇ ಆ ಐದರಲ್ಲಿ ಯಾವುದೂ ಆರನೆಯದನ್ನು ಭಾಗಿಸಲಾರದು, ಶೇಷ 2 ಉಳಿದೇ ಉಳಿಯುತ್ತದೆ. ಮೇಲೆ ಲ್ಯೂಕಾ ಅವರ ನಿಯಮದ ನಂತರ 257 ಮತ್ತು 641 ಉಳಿದವು ಎಂದಿದ್ದೆನಲ್ಲ, ಅದರಲ್ಲಿ 257 ಹೀಗೆ ಭಾಗಾಕಾರವಿಲ್ಲದೆ ಹೋಗುತ್ತದೆ. ಅಳತೆಪಟ್ಟಿಯ ಗುರುತುಗಳನ್ನು ಬಳಸದೆ, ಬರಿಯ ನೇರ ಅಂಚು ಮತ್ತು ಕೈವಾರದಿಂದ ಎಳೆಯಬಹುದಾದ ಸಮಬಾಹು ಆಕೃತಿಗಳ ಲೆಕ್ಕವೂ ಈ ಐದು ಅವಿಭಾಜ್ಯಗಳ ಮೇಲೆಯೇ ನಿಂತಿದೆ. 17 ಬಾಹುಗಳದ್ದನ್ನು ಎಳೆಯಬಹುದೆಂದು ಗಾಸ್ ಅವರು 1796ರಲ್ಲಿ, ಹತ್ತೊಂಬತ್ತು ವರ್ಷ ತುಂಬುವ ಮೊದಲೇ ಕಂಡುಕೊಂಡರು. ಹಾಗೆ ಎಳೆಯಬಹುದೆಂದು ಇಂದಿಗೆ ಗೊತ್ತಿರುವ ಬೆಸ ಬಾಹುಗಳ ಆಕೃತಿಗಳಲ್ಲಿ ಅತಿ ದೊಡ್ಡದಕ್ಕೆ ಇರುವ ಬಾಹುಗಳು ಸರಿಯಾಗಿ 4,29,49,67,295.

ಪ್ರಶ್ನೆ: ಈ ಸಾಲಿನಲ್ಲಿ 65,537ರ ಮುಂದೆ ಅವಿಭಾಜ್ಯ ಇನ್ನೊಂದು ಸಿಕ್ಕಿದೆಯೇ?
(ಓದುಗರು, ಮುಧೋಳ)

ಉತ್ತರ: ಸಿಕ್ಕಿಲ್ಲ. ನಮ್ಮ ಸಂಖ್ಯೆಯ ಘಾತ 32. ಮುಂದಿನವು 64, 128, 256 ಹೀಗೆ ಇಮ್ಮಡಿಸುತ್ತವೆ. 2ರ 32ನೇ ಘಾತವನ್ನೇ ಘಾತವಾಗಿ ಉಳ್ಳ ಸಂಖ್ಯೆಯ ತನಕ ಎಲ್ಲವೂ ಸಂಯುಕ್ತವೆಂದು ಸಾಧಿತವಾಗಿದೆ. ಅದರ ಮುಂದಿನದು ಇಂದಿಗೂ ತೆರೆದ ಪ್ರಶ್ನೆ. ಕೆಲವಂತೂ ಸಂಯುಕ್ತವೆಂದು ಖಚಿತವಾಗಿದ್ದರೂ ಅವುಗಳ ಒಂದು ಅಪವರ್ತನವೂ ಇನ್ನೂ ಕೈಗೆ ಸಿಕ್ಕಿಲ್ಲ.

ಸಾಲಿನ ಏಳನೆಯದು, 2ರ 64ನೇ ಘಾತಕ್ಕೆ ಒಂದು ಕೂಡಿಸಿದ್ದು, 1,84,46,74,40,73,70,95,51,617. ಚದುರಂಗದ ಮಣೆಯ ಅರವತ್ನಾಲ್ಕೂ ಮನೆಗಳ ಕಾಳುಗಳನ್ನು ಒಟ್ಟು ಮಾಡಿದರೆ ಇದಕ್ಕೆ ಎರಡು ಕಡಿಮೆ. 1880ರಲ್ಲಿ ಲಾಂದ್ರಿ ಎಂಬ ಫ್ರೆಂಚ್ ಗಣಿತಜ್ಞರು ಇದರ ಅಪವರ್ತನಗಳನ್ನು ಪ್ರಕಟಿಸಿದರು: 2,74,177 ಮತ್ತು 6,72,80,42,13,10,721. ಲ್ಯೂಕಾ ಅವರ ನಿಯಮ ಇಲ್ಲಿ 256ರ ಗುಣಕವನ್ನು ಕೇಳುತ್ತದೆ; 2,74,177ರಿಂದ ಒಂದು ಕಳೆದು 256ರಿಂದ ಭಾಗಿಸಿದರೆ 1,071 ಬರುತ್ತದೆ, ಶೇಷವಿಲ್ಲ. ಗುಣಾಕಾರವನ್ನು ಪೂರ್ತಿಯಾಗಿ ಕೈಯಿಂದ ಮಾಡಿ ಕಳುಹಿಸುವವರು ಬಾಗಲಕೋಟೆಯ ಹಿರಿಯರಂತೆ ಪ್ರತಿ ಸಾಲಿನ ಕೆಳಗೂ ಒಂಬತ್ತು ಕಳೆದ ತಾಳೆಯನ್ನು ಬರೆಯಬೇಕೆಂದು ಕೋರುತ್ತೇನೆ. ಅಂಥ ಹಾಳೆಗಳಲ್ಲಿ ಒಂದನ್ನು ಮುಂದಿನ ಸಂಚಿಕೆಯಲ್ಲಿ ಇದ್ದಂತೆಯೇ ಅಚ್ಚು ಮಾಡುತ್ತೇವೆ.